ಚಿಂದಿ ಯಾರ ನಾಯಿ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿಯಕ್ಕ ಅಂತಲೇ ಹೆಸರು. ದೊಡ್ಡ ಬಿಸಿ ರೋಲರಿನ ಮುಂದೆ ಇಬ್ಬರು ನಿಂತು, ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು, ಒಂದೇ ಹದದಲ್ಲಿ ಒಳಗೆ ಬಿಡಬೇಕು. ಒಬ್ಬರು ಅವಸರ ಮಾಡಿದರೂ ಬಟ್ಟೆ ಸೊಟ್ಟಗಾಗಿ ಸುತ್ತಿಕೊಳ್ಳುತ್ತದೆ. ಆ ಕಡೆಯ ಮೂಲೆ ಹಿಡಿಯುತ್ತಿದ್ದವಳು ರೇಡಿಯೊ. ಅವಳ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ, ಅದಕ್ಕೇ ಆ ಹೆಸರು. ಇಸ್ತ್ರಿಯಕ್ಕನೂ ಮಾತಿನಲ್ಲಿ ಹಿಂದೆ ಬಿದ್ದವಳಲ್ಲ. ರೋಲರಿನ ಸದ್ದಿನ ಮೇಲೆ ಗಂಟಲು ಏರಿಸಿ ಇಬ್ಬರೂ ದಿನವಿಡೀ ಲೋಕದ ಡೊಂಕು ತಿದ್ದುತ್ತಿದ್ದರು.

ಮನೆಯಲ್ಲಿ ಮಾತ್ರ ಅವಳ ಮಾತಿಗೆ ಜೋಡಿ ಇರಲಿಲ್ಲ. ಗಂಡ ಸಿಟಿ ಬಸ್ಸಿನ ಡ್ರೈವರ್. "ಹೂಂ" ಅಂದರೆ ಒಪ್ಪಿಗೆ, "ಹೂಂ?" ಅಂದರೆ ಪ್ರಶ್ನೆ, ಏನೂ ಅನ್ನದಿದ್ದರೆ ಸಾರಿಗೆ ಉಪ್ಪು ಸರಿಯಾಗಿದೆ ಅಂತ ಅರ್ಥ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಕಲಿತ ವ್ಯಾಕರಣ ಅಷ್ಟೇ. ಕುಡಿತವಿಲ್ಲ, ಬೈಗುಳವಿಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಬರುವ ಮನುಷ್ಯ. ದೂರಲು ಒಂದು ಕಾರಣವನ್ನೂ ಕೊಡದವನ ಜೊತೆ ಜಗಳ ಆಡುವುದು ಹೇಗೆ? ಮಕ್ಕಳಾಗಲಿಲ್ಲ. ಆ ಬಗ್ಗೆ ಅವಳು ಅತ್ತಾಗ ಅವನು ಪಕ್ಕದಲ್ಲಿ ಕೂತಿದ್ದ, ಅಷ್ಟೆ.

ಹೀಗಿರುವಾಗ ಒಂದು ದಿನ ಲಾಂಡ್ರಿಯ ಹಿಂಬಾಗಿಲ ಹತ್ತಿರ, ಹರಿದ ಬೆಡ್‌ಶೀಟುಗಳನ್ನು ಹಾಕುವ ಬುಟ್ಟಿಯಲ್ಲಿ, ಕಂದು ಬಣ್ಣದ ಒಂದು ಹೆಣ್ಣು ನಾಯಿಮರಿ ಸಿಕ್ಕಿತು. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಇಸ್ತ್ರಿಯಕ್ಕ ಅದನ್ನು ಅದೇ ಹರಕು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಳು. ಚಿಂದಿ ಅಂತ ಹೆಸರಿಟ್ಟಳು.

ಗಂಡ ಮರಿಯನ್ನು ನೋಡಿ, "ನಿನ್ನ ನಾಯಿ, ನೀನೇ ನೋಡ್ಕೋ" ಅಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಅವಳಿಗೂ ಬೇಕಾಗಿದ್ದದ್ದು ಅದೇ. ನನ್ನ ನಾಯಿ.

ಊರಾಚೆಯ ಬೆಟ್ಟವನ್ನು ಅವಳು ಅಲ್ಲಿಯವರೆಗೆ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದಳು. ಚಿಂದಿ ಬೆಳೆದ ಮೇಲೆ, ಮನೆಯಲ್ಲಿ ಇದ್ದಬದ್ದ ಚಪ್ಪಲಿಗಳನ್ನೆಲ್ಲ ಕಡಿದು ಮುಗಿಸಿದ ಮೇಲೆ, ರಜೆ ದಿನ ಅದನ್ನು ಅಲ್ಲಿಗೆ ಕರೆದುಕೊಂಡು ಹೋಗತೊಡಗಿದಳು. ಬಸ್ಸಿನ ಕೊನೆಯ ಸ್ಟಾಪು, ಅಲ್ಲಿಂದ ನೀರಿನ ಟ್ಯಾಂಕಿನ ಹಿಂದೆ ಒಂದು ಕಾಲುದಾರಿ. ಬಂಡೆಗಳ ಮೇಲೆ ಯಾರೋ ಬಳಿದ ಹಳದಿ ಗುರುತು ಹಿಡಿದು ಏರಿದರೆ ಮೊದಲು ಒಂದು ತೊರೆ, ಆಮೇಲೆ ಎತ್ತರದ ಮರಗಳು, ಕಡೆಗೆ ಊರೆಲ್ಲ ಬೆಂಕಿಪೊಟ್ಟಣಗಳ ಹಾಗೆ ಕಾಣುವ ಒಂದು ಬೋಳು ಬಂಡೆ. ಎಲೆ ಉದುರುವ ಕಾಲ ಬಂತೆಂದರೆ ಆ ದಾರಿಯ ಸೊಗಸೇ ಬೇರೆ. ಚಳಿ ಇನ್ನೂ ಕಚ್ಚುವುದಿಲ್ಲ, ಬಿಸಿಲು ಇನ್ನು ಸುಡುವುದಿಲ್ಲ. ಮೊಣಕಾಲುದ್ದ ಹಳದಿ ಎಲೆಯಲ್ಲಿ ಚಿಂದಿ ಈಜುತ್ತಿತ್ತು. ಮೂತಿ ತೂರಿಸಿ, ಸೀನಿ, ಒಮ್ಮೆ ತಿರುಗಿ ಅವಳು ಬರುತ್ತಿದ್ದಾಳೋ ಇಲ್ಲವೋ ನೋಡಿ, ಮತ್ತೆ ಮುಂದಕ್ಕೆ. ಸಂಜೆ ಮನೆಗೆ ಬಂದು ಅದರ ಹೊಟ್ಟೆಯ ಕೂದಲಿಗೆ ಅಂಟಿದ ಮುಳ್ಳುಬೀಜಗಳನ್ನು ಒಂದೊಂದಾಗಿ ಬಿಡಿಸುವಾಗ ಇಸ್ತ್ರಿಯಕ್ಕನಿಗೆ ತನ್ನದು ಅಂತ ಲೋಕದಲ್ಲಿ ಒಂದಾದರೂ ಇದೆಯಲ್ಲ ಅನ್ನಿಸುತ್ತಿತ್ತು.

ಹೀಗೆ ಕೆಲವು ವರ್ಷ ಕಳೆದವು. ಮತ್ತೆ ಎಲೆ ಹಳದಿ ತಿರುಗುತ್ತಿದ್ದ ಹೊತ್ತಿನಲ್ಲಿ ಅವಳು ಬಿದ್ದಳು. ಬೆಟ್ಟದಲ್ಲಿ ಅಲ್ಲ, ತನ್ನದೇ ಮನೆಯ ಮೆಟ್ಟಿಲ ಮೇಲೆ, ತಾನೇ ಒರೆಸಿದ ನೆಲದಲ್ಲಿ ಜಾರಿ. ಪಾದದ ಗಂಟಿನ ಮೂಳೆ ಬಿರುಕು ಬಿಟ್ಟಿತು. ಪ್ಲಾಸ್ಟರ್ ಹಾಕಿ ಮನೆಯಲ್ಲಿ ಕೂರಿಸಿದರು. ಮೂರನೆಯ ಮಹಡಿಯ ಎರಡು ಕೋಣೆಯ ಮನೆ, ಇಳಿಯುವಂತಿಲ್ಲ, ಏರುವಂತಿಲ್ಲ.

"ಚಿಂದಿನ ಹೊರಗೆ ಯಾರು ಕರ್ಕೊಂಡು ಹೋಗ್ತಾರೆ?" ಅಂದಳು.

ಗಂಡ ಚೈನನ್ನು ಎರಡು ಬೆರಳಲ್ಲಿ, ಸತ್ತ ಹಾವು ಹಿಡಿದ ಹಾಗೆ ಎತ್ತಿಕೊಂಡು ಹೊರಟ. ಹೋದಷ್ಟೇ ಬೇಗ ಬಂದ. ಅವಳಿಗೆ ನಗು ಬಂತು. ಪಾಪ, ಬಸ್ಸಿಗೆ ಸ್ಟೀರಿಂಗ್ ಇದೆ, ನಾಯಿಗೆ ಎಲ್ಲಿಂದ ತರೋದು ಅಂತ ಫೋನಿನಲ್ಲಿ ರೇಡಿಯೊಗೆ ಹೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕರು.

ನಗು ಹೆಚ್ಚು ದಿನ ಉಳಿಯಲಿಲ್ಲ. ಚಿಂದಿ ಮನೆಯೊಳಗೆ ಚಡಪಡಿಸಿ ಬಾಗಿಲು ಕೆರೆಯುವುದನ್ನು ನೋಡಲಾರದೆ ಅವನು ಒಂದು ರಜೆ ದಿನ ಅದನ್ನು ಬೆಟ್ಟಕ್ಕೆ ಕರೆದುಕೊಂಡು ಹೋದ. ಬಂದಾಗ ಇಬ್ಬರ ಮೈಮೇಲೂ ಎಲೆ. ಅವನ ಪ್ಯಾಂಟು ಮಂಡಿಯವರೆಗೆ ಕೆಸರು. ಮುಖದಲ್ಲಿ ಅವಳು ಎಂದೂ ಕಂಡಿರದ ಒಂದು ಕೆಂಪು.

"ಹೇಗಿತ್ತು?" ಅಂದಳು.

"ಹೂಂ" ಅಂದ. ಆದರೆ ಆ ಹೂಂ ಹಳೆಯ ಯಾವ ಹೂಂನ ಲೆಕ್ಕಕ್ಕೂ ಸೇರುವಂಥದಾಗಿರಲಿಲ್ಲ.

ಆಮೇಲೆ ರಜೆಗೆ ಕಾಯುವುದೂ ಇಲ್ಲವಾಯಿತು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದವನೇ ಯೂನಿಫಾರಂ ಬಿಚ್ಚಿ, ಹಳೆ ಸ್ವೆಟರ್ ತೊಟ್ಟು, ಹೊರಡುತ್ತಿದ್ದ. ಅವನ ಕೈ ಚೈನಿನ ಮೊಳೆಯ ಕಡೆ ಚಾಚುವ ಮೊದಲೇ ಚಿಂದಿ ಬಾಗಿಲಲ್ಲಿ ಹಾಜರು. ಸಂಜೆ ಮುಳ್ಳುಬೀಜ ಬಿಡಿಸಲು ಇಸ್ತ್ರಿಯಕ್ಕ ಕೈ ಚಾಚಿದರೆ ಬೀಜವೇ ಇಲ್ಲ. ಅವನು ಮೆಟ್ಟಿಲಲ್ಲೇ ಕೂತು ಎಲ್ಲ ಬಿಡಿಸಿ ಮುಗಿಸಿದ್ದ.

"ನನಗೆ ಬಿಡಬಾರದಿತ್ತಾ?"

"ನಿನಗೆ ಯಾಕೆ ತೊಂದರೆ" ಅಂದ ಅವನು, ಒಳ್ಳೆಯ ಮನಸ್ಸಿನಿಂದಲೇ.

ಅವರು ಹೊರಟುಹೋದ ಮೇಲೆ ಕಿಟಕಿಯಲ್ಲಿ ಕುರ್ಚಿ ಹಾಕಿಕೊಂಡು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಬೀದಿಯ ತಿರುವಿನವರೆಗೆ ಇಬ್ಬರನ್ನೂ ನೋಡುತ್ತಿದ್ದಳು. ಮೊದಲೆಲ್ಲ ಚಿಂದಿ ತಿರುವಿನಲ್ಲಿ ನಿಂತು ಕಿಟಕಿಯ ಕಡೆ ನೋಡುತ್ತಿತ್ತು. ಬರಬರುತ್ತಾ ಅದೂ ತಪ್ಪಿತು. ಅವರಿಬ್ಬರೂ ಇಲ್ಲದ ಹೊತ್ತಿನಲ್ಲಿ ಅವಳ ಕಣ್ಣ ಮುಂದೆ ಬೆಟ್ಟದ ದಾರಿ ಇಂಚಿಂಚೂ ಬಿಚ್ಚಿಕೊಳ್ಳುತ್ತಿತ್ತು. ಈಗ ತೊರೆ ದಾಟುತ್ತಿರಬೇಕು. ಅಲ್ಲಿ ಚಿಂದಿ ನೀರು ಕುಡಿಯದೆ ಮುಂದೆ ಹೋಗಲ್ಲ, ಈ ಮನುಷ್ಯನಿಗೆ ಅದು ಗೊತ್ತೋ ಇಲ್ಲವೋ. ಗೊತ್ತಿಲ್ಲದಿರಲಿ ಅಂತ ಒಳಗೊಳಗೇ ಹಾರೈಸುತ್ತಿದ್ದಳು. ಗೊತ್ತಿದೆ ಅಂತಲೂ ಅವಳಿಗೆ ಗೊತ್ತಿತ್ತು.

ಒಂದು ಸಂಜೆ ಅವನು ಕಾಲು ಚಾಚಿ ಗೋಡೆಗೆ ಒರಗಿದ್ದಾಗ, ಚಿಂದಿ ಅವನ ಪಾದದ ಮೇಲೆ ಗದ್ದ ಊರಿ ಮಲಗಿತ್ತು. ಇಸ್ತ್ರಿಯಕ್ಕ ಬ್ರೆಡ್ಡಿನ ಚೂರು ಹಿಡಿದು ಮೆಲ್ಲನೆ ಕರೆದಳು. ಚಿಂದಿ ಬಂತು, ಬ್ರೆಡ್ಡು ತಿಂದಿತು, ಅವಳ ಕೈಯನ್ನೂ ನೆಕ್ಕಿತು. ಆಮೇಲೆ ಉಪಚಾರಕ್ಕೆ ಬಂದ ನೆಂಟರು ಎದ್ದು ಹೋಗುವ ಹಾಗೆ ಹೋಗಿ ಮತ್ತೆ ಅವನ ಪಾದದ ಮೇಲೆಯೇ ಮಲಗಿತು.

ಮರುದಿನ ರೇಡಿಯೊ ಅವಳನ್ನು ನೋಡಲು ಬಂದಳು. ಎಲ್ಲ ಕೇಳಿ ತೊಡೆ ತಟ್ಟಿ ನಕ್ಕಳು. "ಅಲ್ಲ ಕಣೇ, ಗಂಡ ಬೇರೆಯವಳ ಹಿಂದೆ ಹೋದ್ರೆ ಸವತಿ ಅಂತ ಬೈಬಹುದು. ನಿಂಗೆ ಯಾರು ಸವತಿ? ನಾಯಿನ ಕಿತ್ಕೊಂಡ ಗಂಡನಾ, ಗಂಡನ್ನ ಕಿತ್ಕೊಂಡ ನಾಯಿನಾ?"

"ನಗಬೇಡ. ನನಗೆ ಉರೀತಿದೆ."

"ಉರಿಯಲಿ ಬಿಡು, ಚಳಿಗಾಲ ಬರ್ತಿದೆ" ಅಂದಳು ರೇಡಿಯೊ.

ಪ್ಲಾಸ್ಟರ್ ಬಿಚ್ಚಿದರು. ಕೋಲು ಹಿಡಿದು ನಿಧಾನ ನಡೆಯಬಹುದು, ಬೆಟ್ಟ ಗಿಟ್ಟ ಸದ್ಯಕ್ಕೆ ಬೇಡ ಅಂದರು. ಚಿಂದಿಗೆ ವರ್ಷದ ಚುಚ್ಚುಮದ್ದು ಹಾಕಿಸುವ ಸಮಯವಾಗಿತ್ತು. ಗಂಡ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಇಸ್ತ್ರಿಯಕ್ಕ ತಾನೇ ಅದನ್ನು ಬೀದಿಯ ಕೊನೆಯ ಪ್ರಾಣಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಇದೊಂದಾದರೂ ನನ್ನ ಕೈಯಲ್ಲಿರಲಿ ಅಂತ. ಡಾಕ್ಟರಮ್ಮ ಚಿಂದಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿ, ತೊಡೆ ಒತ್ತಿ ನೋಡಿ, "ಅಬ್ಬ, ಕಳೆದ ವರ್ಷಕ್ಕಿಂತ ಎಷ್ಟು ಗಟ್ಟಿಯಾಗಿದೆ! ಯಾರು ಓಡಾಡಿಸ್ತಿದ್ದಾರೋ ಅವರಿಗೆ ಶಭಾಷ್ ಹೇಳಿಬಿಡಿ" ಅಂದರು.

ಶಭಾಷ್ ಅಂತೆ.

ಅಲ್ಲಿಂದ ಮನೆಗೆ ಹತ್ತು ಹೆಜ್ಜೆಗೊಮ್ಮೆ ನಿಂತು ಬರುವಾಗ ಆ ಒಂದು ಮಾತು ಅವಳ ಜೊತೆಯೇ ಕುಂಟುತ್ತಾ ಬಂತು. ಮಧ್ಯಾಹ್ನ ಗಂಡ ಬಂದು ಸ್ವೆಟರಿಗೆ ಕೈ ಹಾಕಿದ. ಅವಳು ಯೋಚಿಸಿ ಹೇಳಿದ್ದಲ್ಲ; ಬಾಯಿ ತೆರೆದರೆ ಸುಳ್ಳು ಸಿದ್ಧವಾಗಿ ನಿಂತಿತ್ತು.

"ಬೆಟ್ಟಕ್ಕೆ ಬೇಡ ಇನ್ನು. ಡಾಕ್ಟರು ಹೇಳಿದ್ರು, ಇದರ ಹೃದಯ ವೀಕಾಗಿದೆಯಂತೆ. ಏರು ಹತ್ತಿಸಲೇಬಾರದಂತೆ."

ಅವನ ಒಂದು ತೋಳು ಸ್ವೆಟರಿನ ಒಳಗಿತ್ತು, ಇನ್ನೊಂದು ಹೊರಗೆ. ಹಾಗೆಯೇ ಕುರ್ಚಿಯ ತುದಿಯಲ್ಲಿ ಕೂತ. ಕೇಳಿದ, "ನಾನು ಹತ್ತಿಸಿದ್ದಕ್ಕೇ ಹೀಗಾಯ್ತಾ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಇಲ್ಲಪ್ಪ, ವಯಸ್ಸಾಯ್ತಲ್ಲ ಅನ್ನಬಹುದಿತ್ತು. ಅವಳು ಅಂದದ್ದು, "ಇರಬಹುದು."

ಆಮೇಲಿನ ದಿನಗಳು ಅವಳು ಬಯಸಿದ ಹಾಗೆ ನಡೆಯಲಿಲ್ಲ. ಅವನು ಚಿಂದಿಯನ್ನು ಅವಳಿಗೆ ಬಿಟ್ಟುಕೊಡುತ್ತಾನೆ ಅಂದುಕೊಂಡಿದ್ದಳು. ಅವನು ಅದನ್ನು ಮಗುವಿನ ಹಾಗೆ ಎರಡೂ ತೋಳಲ್ಲಿ ಎತ್ತಿಕೊಂಡು ಮೂರು ಮಹಡಿ ಇಳಿಸಿ, ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಎತ್ತಿಕೊಂಡು ಬರತೊಡಗಿದ. ಏದುಸಿರು ಬಿಡುತ್ತಿದ್ದವನು ಅವನೇ; ನಾಯಿ ಬೆರಗಾಗಿ ಅವನ ಗಲ್ಲ ನೆಕ್ಕುತ್ತಿತ್ತು. ಅವನಿಗೆ ಊಟ ಸೇರಲಿಲ್ಲ. ಮಧ್ಯಾಹ್ನವೆಲ್ಲ ಕಿಟಕಿಯ ಕುರ್ಚಿಯಲ್ಲಿ, ಅವಳು ಕೂತು ಕುದಿದ ಅದೇ ಕುರ್ಚಿಯಲ್ಲಿ, ಚಿಂದಿಯ ಎದೆಯ ಮೇಲೆ ಕೈಯಿಟ್ಟು ಬಡಿತ ಎಣಿಸುವವನ ಹಾಗೆ ಕೂತಿರುತ್ತಿದ್ದ. ಅದನ್ನು ನೋಡಿ ಅವಳಿಗೆ ಕನಿಕರ ಬಂತು. ಕನಿಕರದ ಬೆನ್ನಿಗೇ ಇನ್ನೊಂದು ಬಂತು. ನಾನು ಮೂಳೆ ಮುರಿದುಕೊಂಡು ಮಲಗಿದಾಗ ಈ ಕೈ ಎಲ್ಲಿತ್ತು?

ಅವನು ಒಂದು ದಿನ ಎಂದಿಗಿಂತ ತಡವಾಗಿ ಬಂದ. ಬೂಟು ಬಿಚ್ಚಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ.

"ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಮಾತ್ರೆ ಗೀತ್ರೆ ಏನಾದ್ರೂ ಇದೆಯಾ ಕೇಳೋಣ ಅಂತ."

ಅಡುಗೆ ಮಾಡುತ್ತಿದ್ದ ಅವಳು ತಿರುಗಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದ ಕೈ ನಿಂತಿತು.

"ನಾಯಿ ಹೃದಯ ಕಲ್ಲುಗುಂಡಿನ ಹಾಗಿದೆ ಅಂದ್ರು. ಬೇರೆ ಯಾರ ಹೃದಯದ ವಿಷಯಾನೂ ನಾನು ಕೇಳಲಿಲ್ಲ."

ಅಷ್ಟೇ. ಕೈಕಾಲು ತೊಳೆದು ಊಟಕ್ಕೆ ಕೂತ. ಅವಳು ಬಡಿಸಿದಳು. ಅವನು ತಿಂದ. ಮರುದಿನವೂ ಮಾತಿಲ್ಲ, ಅದರ ಮರುದಿನವೂ ಇಲ್ಲ. ಬೇರೆ ಗಂಡಸಾಗಿದ್ದರೆ ಮಾತು ಬಿಟ್ಟ ಅಂತ ಗೊತ್ತಾಗುತ್ತಿತ್ತು. ಎಂದೂ ಆಡದವನು ಸಿಟ್ಟಿನಿಂದ ಸುಮ್ಮನಿದ್ದಾನೋ ಅಭ್ಯಾಸದಿಂದ ಸುಮ್ಮನಿದ್ದಾನೋ ಯಾರಿಗೆ ತಿಳಿಯಬೇಕು? ಅವಳು ಬೈಯಲಿ ಅಂತ ಕಾದಳು. ತಟ್ಟೆ ಕುಕ್ಕಲಿ, ಬಾಗಿಲು ಬಡಿಯಲಿ ಅಂತ ಕಾದಳು. ಅವನು ಚಿಂದಿಯನ್ನು ಮೆಟ್ಟಿಲಿಂದ ನಡೆಸಿಕೊಂಡೇ ಇಳಿಸಿ ಬೀದಿ ಸುತ್ತಿಸಿ ಬರುತ್ತಿದ್ದ. ಬೆಟ್ಟಕ್ಕೆ ಮಾತ್ರ ಹೋಗಲಿಲ್ಲ.

ರಜೆ ದಿನ ಬೆಳಗ್ಗೆ ಟೀ ಕುಡಿದಿಟ್ಟು ಅವನು ಅವಳ ಬೂಟುಗಳನ್ನು ತಂದು ಅವಳ ಮುಂದೆ ಇಟ್ಟ.

"ಹಾಕ್ಕೋ."

"ಡಾಕ್ಟರು ಬೇಡ ಅಂದಿದ್ದಾರೆ, ನನ್ನ ಡಾಕ್ಟರು" ಅಂದಳು ಅವಳು, ಸಣ್ಣ ದನಿಯಲ್ಲಿ.

"ತೊರೆಯವರೆಗೆ ಹೋಗೋಣ. ಆದಷ್ಟು."

ಕೊನೆಯ ಸ್ಟಾಪಿನಲ್ಲಿ ಇಳಿದರು. ಹಿಂದಿನ ದಿನ ಮಳೆಯಾಗಿತ್ತು. ಎಲೆಗಳು ಒದ್ದೆಯಾಗಿ ದಾರಿಗೆ ಅಂಟಿದ್ದವು. ಕಾಲಿಟ್ಟರೆ ಸದ್ದೇ ಇಲ್ಲ. ಎದುರಿಗೆ ಇಳಿದು ಬರುತ್ತಿದ್ದ ಮುದುಕರೊಬ್ಬರು ಅವಳ ಗಂಡನನ್ನು ನೋಡಿ ಕೈಯೆತ್ತಿ, "ಏನ್ರೀ ಚಿಂದಿಯಪ್ಪ, ಎಷ್ಟು ದಿನ ಆಯ್ತು ಕಾಣದೆ!" ಅಂದರು. ಅವನು ನಿಂತು, ಮಳೆಯ ಬಗ್ಗೆ, ಮೇಲಿನ ಬಂಡೆ ಜಾರುವ ಬಗ್ಗೆ, ಮುದುಕರ ಮಂಡಿಯ ಬಗ್ಗೆ ನಾಲ್ಕು ಮಾತಾಡಿದ. ನಗುತ್ತಾ ಆಡಿದ. ಅವಳು ಕೋಲಿನ ಮೇಲೆ ಭಾರ ಬಿಟ್ಟು ಬೆರಗಾಗಿ ನೋಡಿದಳು. ಇವನು ಯಾರು? ಚಿಂದಿಯಪ್ಪನಂತೆ! ಮರಿ ತಂದವಳು ನಾನು, ಈ ದಾರಿ ಕಂಡುಕೊಂಡವಳು ನಾನು. ನನ್ನನ್ನು ಇಲ್ಲಿ ಯಾರೂ ಚಿಂದಿಯಮ್ಮ ಅಂದವರಿಲ್ಲ.

ತೊರೆಗೆ ಮುಂಚೆಯೇ ಕಾಲು ನೋಯತೊಡಗಿತು. ಬಿದ್ದ ಮರದ ದಿಮ್ಮಿಯ ಮೇಲೆ ಕೂತು, "ನೀವು ಮುಂದೆ ಹೋಗಿ ಅದಕ್ಕೆ ನೀರು ಕುಡಿಸಿ, ನಾನು ಬರ್ತೀನಿ" ಅಂದಳು. ಅವರಿಬ್ಬರೂ ತಿರುವಿನಾಚೆ ಮರೆಯಾದರು. ದಣಿವಾರಿಸಿಕೊಂಡು ಅವಳು ಎದ್ದಳು. ಒದ್ದೆ ಎಲೆಯ ಮೇಲೆ ಅವಳ ಹೆಜ್ಜೆ ಅವಳಿಗೇ ಕೇಳಿಸಲಿಲ್ಲ. ತಿರುವಿನ ಬಂಡೆಯ ಹತ್ತಿರ ಬಂದಾಗ ಮಾತು ಕೇಳಿಸಿತು.

ಗಂಡ ತೊರೆಯ ದಡದಲ್ಲಿ ಕೂತಿದ್ದ. ಚಿಂದಿ ಅವನ ಎದುರಿಗೆ, ಒಂದು ಕಿವಿ ನೆಟ್ಟಗೆ ಮಾಡಿ, ಮುಖ ನೋಡುತ್ತಾ ಕೂತಿತ್ತು.

"ಮುಂದಿನ ವಾರದಿಂದ ನನಗೆ ಬಸ್ಸಿಲ್ಲ ಕಣೇ" ಅನ್ನುತ್ತಿದ್ದ ಅವನು. "ಕಣ್ಣಿನ ಪರೀಕ್ಷೆ ಮತ್ತೆ ಮಾಡಿದ್ರು. ಡಿಪೋದಲ್ಲೇ ಇರು ಅಂದ್ರು. ಟೈರು ನೋಡೋದು, ಬಸ್ಸು ತೊಳೆಸೋದು. ಆಗಲಿ. ಆ ದಿನ ನಾನೇ ಹೇಳಿದ್ದೆನಲ್ಲ ನಿನಗೆ, ಓಡಿಸೋಕೆ ಭಯ ಆಗ್ತಿದೆ ಅಂತ. ಒಳ್ಳೇದೇ ಆಯ್ತು. ಆದ್ರೆ ಅವಳಿಗೆ ಹೇಗೆ ಹೇಳಲಿ? ಅವಳಿಗೆ ನಾನು ಡ್ರೈವರ್. ಅದು ಬಿಟ್ರೆ ನನ್ನಲ್ಲಿ ಏನಿದೆ ಹೇಳು, ಅವಳು ನೋಡೋಕೆ?"

ಇಸ್ತ್ರಿಯಕ್ಕ ಬಂಡೆಗೆ ಒರಗಿದಳು. ಇಷ್ಟು ದಿನ ನಾಯಿಗಾಗಿ ಗಂಡನ ಮೇಲೆ ಉರಿದುಕೊಂಡಿದ್ದಳಲ್ಲ, ಆ ಉರಿ ಅಲ್ಲೇ ನಿಂತಲ್ಲೇ ಮಗ್ಗುಲು ಬದಲಿಸಿತು. ಆ ನಾಯಿಯ ಜಾಗದಲ್ಲಿ ಕೂರಬೇಕಾಗಿದ್ದವಳು ತಾನು. ಎಷ್ಟು ವರ್ಷ ಇವನ ಬಾಯಿಂದ ಒಂದು ಪೂರ್ತಿ ವಾಕ್ಯ ಬರಲಿ ಅಂತ ಕಾದಿದ್ದಳು! ಅಷ್ಟೂ ವಾಕ್ಯಗಳು ಇಲ್ಲಿ, ಈ ತೊರೆಯ ದಡದಲ್ಲಿ, ನಾಲ್ಕು ಕಾಲಿನ ಒಂದು ಹೆಣ್ಣಿನ ಪಾಲಾಗಿದ್ದವು. ಅವಳೇ ಚಿಂದಿ ಬಟ್ಟೆಯೊಳಗಿಂದ ಎತ್ತಿ ತಂದು ಸಾಕಿದ ಹೆಣ್ಣು.

"ರೀ" ಅಂದಳು.

ಅವನು ಬೆಚ್ಚಿ ಎದ್ದ.

"ನನಗ್ಯಾಕೆ ಹೇಳಲಿಲ್ಲ?"

ಅವನು ಕೈಗಂಟಿದ ಎಲೆ ಒರೆಸಿಕೊಂಡ. "ಹೇಳೋಣ ಅಂತಲೇ ಇದ್ದೆ."

"ನಾಯಿಗೆ ಹೇಳಿದ್ರಿ. ನಾಯಿಗೆ ಏನು ಅರ್ಥ ಆಗುತ್ತೆ?"

"ಅರ್ಥ ಆಗಲ್ಲ. ಆದ್ರೆ ಮಧ್ಯೆ ಬಾಯಿ ಹಾಕಲ್ಲ." ಅವನು ನಗಲಿಲ್ಲ. "ನಿನ್ನ ಹತ್ತಿರ ನಾನು ಒಂದು ಮಾತು ತೆಗೆದ್ರೆ, ಅದು ಮುಗಿಯೋದ್ರೊಳಗೆ ನೀನು ಅದಕ್ಕೆ ಉತ್ತರ ಕೊಟ್ಟು, ಆ ಉತ್ತರಕ್ಕೆ ಇನ್ನೊಂದು ಉತ್ತರ ಕೊಟ್ಟು, ಲೈಟು ಆರಿಸಿ ಮಲಗಿರ್ತೀಯ. ನಾನು ಇನ್ನೂ ಮೊದಲನೇ ಮಾತಲ್ಲೇ ಇರ್ತೀನಿ."

ಅವಳಿಗೆ ಸಿಡಿದು ಹೇಳಬೇಕು ಅನ್ನಿಸಿತು. ನೀವು ಆಡದಿದ್ದಕ್ಕೇ ತಾನೆ ನಾನು ಇಬ್ಬರ ಪಾಲಿನದೂ ಆಡಿದ್ದು? ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಬಿಸಿ ಟೀ ನುಂಗಿದ ಹಾಗೆ ನುಂಗಿ, ಕೋಲು ಪಕ್ಕಕ್ಕಿಟ್ಟು, ಚಿಂದಿಯನ್ನು ಸ್ವಲ್ಪ ಆಚೆಗೆ ತಳ್ಳಿ, ಅದು ಕೂತಿದ್ದ ಜಾಗದಲ್ಲೇ ಕೂತಳು.

"ಮೊದಲಿಂದ ಹೇಳಿ" ಅಂದಳು.

ಅವನು ಹೇಳಿದ. ನಿಧಾನವಾಗಿ, ಗೇರು ಬದಲಿಸುವಾಗ ನಿಲ್ಲುವ ಹಾಗೆ ನಿಂತು ನಿಂತು. ಒಂದು ಮುಸ್ಸಂಜೆ ಮಾರ್ಕೆಟ್ಟಿನ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಅವನ ಕಣ್ಣಿಗೆ ಬೀಳಲೇ ಇಲ್ಲ. ಬಸ್ಸಿನೊಳಗೆ ಯಾರೋ ಕೂಗಿದ್ದಕ್ಕೆ ಬ್ರೇಕು ಒತ್ತಿದ. ಯಾರಿಗೂ ಏನೂ ಆಗಲಿಲ್ಲ. ಸೈಕಲ್ಲಿನವನು ಬೈದು ಹೋದ. ಆದರೆ ಆಮೇಲೆ ಪ್ರತಿ ತಿರುವಿನಲ್ಲೂ ಅವನಿಗೆ ಅಲ್ಲಿಲ್ಲದ ಸೈಕಲ್ಲುಗಳು ಕಾಣತೊಡಗಿದವು. ಅವಳಿಗೆ ಪ್ಲಾಸ್ಟರ್ ಹಾಕಿದ್ದ ದಿನಗಳವು. ಆಗ ಈ ಹೊರೆಯನ್ನೂ ಅವಳ ಮೇಲೆ ಹೇರುವುದು ಬೇಡ ಅನ್ನಿಸಿತು. ಬೆಟ್ಟದ ಮೇಲೆ ಮಾತ್ರ ಎದೆ ಹಗುರಾಗುತ್ತಿತ್ತು. ಕಡೆಗೆ ತಾನೇ ಡಿಪೋದವರ ಹತ್ತಿರ ಹೋಗಿ ಕಣ್ಣು ಪರೀಕ್ಷೆ ಮಾಡಿಸಿ ಅಂದ.

ಎಷ್ಟು ಸಲ ಅವಳ ಬಾಯಿ ತೆರೆಯಿತೋ! ಯಾವ ತಿರುವು, ಯಾವ ಬಸ್ಸು, ಕನ್ನಡಕ ಹಾಕಿದ್ರೆ ಸರಿಹೋಗಲ್ವಾ ಅಂತೆಲ್ಲ. ತುಟಿ ಕಚ್ಚಿಕೊಂಡಳು. ಅವನು ಮುಗಿಸಿದ ಮೇಲೂ, ಇನ್ನೂ ಏನಾದರೂ ಇರಬಹುದು ಅಂತ ಕಾದಳು. ಇತ್ತು.

"ಆ ದಿನ ನೀನು 'ಇರಬಹುದು' ಅಂದ್ಯಲ್ಲ" ಅಂದ ಅವನು, ನೀರು ನೋಡುತ್ತಾ. "ಬಸ್ಸಲ್ಲಿ ತಪ್ಪಿಸಿಕೊಂಡೆ, ಇದನ್ನ ಮಾತ್ರ ನನ್ನ ಕೈಯಾರೆ ಕೊಂದೆ ಅಂದುಕೊಂಡೆ."

ಅವಳಿಗೆ ಭೂಮಿ ಬಾಯಿಬಿಡಲಿ ಅನ್ನಿಸಿತು. "ತಪ್ಪಾಯ್ತು" ಅಂದಳು. "ಹೊಟ್ಟೆಕಿಚ್ಚಿಗೆ ಹೇಳಿದೆ. ಅದು ನನ್ನ ಬಿಟ್ಟು ನಿಮ್ಮ ಹಿಂದೆ ಹೋಯ್ತು ಅಂತ."

"ನಾಯಿ ಕಣೇ ಅದು. ಬೆಟ್ಟಕ್ಕೆ ಯಾರು ಕರ್ಕೊಂಡು ಬರ್ತಾರೋ ಅವರ ಹಿಂದೆ ಬರುತ್ತೆ."

"ಈಗ ಅದಕ್ಕಲ್ಲ ನನಗೆ ಉರಿ" ಅಂದಳು ಅವಳು. ಯಾಕೆ ಅಂತ ಅವನು ಕೇಳಲಿಲ್ಲ. ಅವಳ ಕಾಲನ್ನು ಎತ್ತಿ ತನ್ನ ಮಂಡಿಯ ಮೇಲಿಟ್ಟುಕೊಂಡು ಬೂಟಿನ ದಾರ ಸಡಿಲಿಸಿದ. ಪಾದ ಬಾತಿತ್ತು. ಇಳಿಯುವಾಗ ದಾರಿಯುದ್ದಕ್ಕೂ ಅವಳ ತೋಳು ಹಿಡಿದಿದ್ದ. ಚಿಂದಿ ಮುಂದೆ ಓಡಿ, ಇವರ ನಿಧಾನಕ್ಕೆ ಬೇಸತ್ತು, ಹಿಂದಕ್ಕೆ ಬಂದು ಬೊಗಳುತ್ತಿತ್ತು.

ಅವನು ಡಿಪೋದ ಕೆಲಸಕ್ಕೆ ಒಗ್ಗಿಕೊಂಡ. ಅವಳು ರೋಲರಿನ ಮುಂದೆ ಮರಳಿ ನಿಂತಳು. ಅಷ್ಟು ದಿನದ ಬಾಕಿ ಮಾತನ್ನೆಲ್ಲ ರೇಡಿಯೊ ಒಂದೇ ಉಸಿರಿಗೆ ತೀರಿಸಿದಳು. ಮನೆಯಲ್ಲಿ ಎಲ್ಲ ಬದಲಾಯಿತು ಅಂದರೆ ಸುಳ್ಳಾದೀತು. ಅವನು ನಾಲ್ಕು ಗೋಡೆಯೊಳಗೆ ಮೊದಲಿನ ಹಾಗೆಯೇ. ಬೆಟ್ಟದ ದಾರಿಯಲ್ಲಿ ಮಾತ್ರ, ಅದೂ ತೊರೆ ದಾಟಿದ ಮೇಲೆ, ಬಾಯಿ ಬಿಡುತ್ತಾನೆ. ಅವಳು ಅಲ್ಲಿಯವರೆಗೆ ಸುಮ್ಮನಿರುವುದನ್ನು ಕಲಿಯುತ್ತಿದ್ದಾಳೆ, ಕಷ್ಟಪಟ್ಟು, ಮುಳ್ಳಿನ ಮೇಲೆ ಕೂತವಳ ಹಾಗೆ. ಆದರೂ ಅವನು ಮಾತಿನ ನಡುವೆ "ಇದನ್ನ ಚಿಂದಿಗೆ ಆಗಲೇ ಹೇಳಿದ್ದೆ" ಅಂದರೆ ಅವಳ ಮುಖ ಇಷ್ಟುದ್ದವಾಗುತ್ತದೆ.

ಚಳಿ ಬೀಳುವ ಮುಂಚೆ ಒಂದು ರಜೆ ದಿನ ಅವನಿಗೆ ಡಿಪೋದಲ್ಲಿ ತುರ್ತು ಕೆಲಸ ಬಂತು. ಅವಳು ಚಿಂದಿಯ ಜೊತೆ ಒಬ್ಬಳೇ ಹೋದಳು. ಮೇಲಿನ ಬಂಡೆಯವರೆಗೂ ಏರಿದಳು. ಮರಗಳು ಬೋಳಾಗಿ ಊರು ಸ್ಪಷ್ಟವಾಗಿ ಕಾಣುತ್ತಿತ್ತು. ಅಕ್ಕಪಕ್ಕ ಯಾರೂ ಇಲ್ಲದ್ದು ನೋಡಿ, ತಾನೂ ಒಮ್ಮೆ ಪರೀಕ್ಷಿಸೋಣ ಅಂತ, ಚಿಂದಿಯನ್ನು ಎದುರಿಗೆ ಕೂರಿಸಿಕೊಂಡು ಮಾತು ಶುರು ಮಾಡಿದಳು. ಎರಡನೇ ಮಾತಿಗೆ ಚಿಂದಿ ಆಕಳಿಸಿತು. ಮೂರನೆಯದಕ್ಕೆ ಪೊದೆಯಲ್ಲಿ ಏನೋ ಸರಿದಾಡಿದ್ದನ್ನು ಕಂಡು ಎದ್ದೇ ಹೋಯಿತು.

ಸಂಜೆ ಗಂಡನಿಗೆ ಇದನ್ನು ದೂರಿದಳು. "ನಿಮ್ಮ ಮುಂದೆ ದೇವರ ಹಾಗೆ ಕೂರುತ್ತೆ. ನಾನು ಬಾಯಿ ತೆಗೆದ್ರೆ ಓಡಿಹೋಗುತ್ತೆ ನೋಡಿ."

ಅವನು ಚಿಂದಿಯ ಹೊಟ್ಟೆಯ ಮುಳ್ಳುಬೀಜ ಬಿಡಿಸುತ್ತಾ ಕೂತಿದ್ದವನು, ಒಂದು ಪಕ್ಕಕ್ಕೆ ಜರುಗಿ ಅವಳಿಗೂ ಜಾಗ ಮಾಡಿದ. "ಏನು ಹೇಳೋಕೆ ಹೋಗಿದ್ದೆ ಅದಕ್ಕೆ?" ಅಂದ.

"ನಿಮಗ್ಯಾಕೆ ಹೇಳಲಿ? ಅದು ನನ್ನ ಅದರ ವಿಷಯ" ಅಂದಳು ಇಸ್ತ್ರಿಯಕ್ಕ, ಮುಖ ಊದಿಸಿಕೊಂಡು.

ಅವನು ಆ ಸಂಜೆಯೆಲ್ಲ ಅದನ್ನೇ ಕೇಳುತ್ತಿದ್ದ.